ದುಪ್ಪಟಿಯಲ್ಲಿ ಕಾಗೆಯುಗುರು

ಮೊಮ್ಮಗಳು ದುಪ್ಪಟಿಯ ಗಂಟು ಬಿಚ್ಚಿ ಒಮ್ಮೆ ಝಾಡಿಸಿದ್ದೇ ತಡ, ಅಜ್ಜಿಯ ಪಾದಗಳ ಮೇಲೆ ಏನೋ ಪಟಪಟನೆ ಉದುರಿತು.

“ಅಯ್ಯೋ, ಇಲಿ ಹಿಕ್ಕೆ!” ಅತ್ತೆ ಎರಡು ಹೆಜ್ಜೆ ಹಿಂದೆ ಸರಿದಳು. “ಹೆಣದ ಮೇಲೆ ಹಿಕ್ಕೆ ಸುರೀತೀಯಲ್ಲೇ! ಇರೋದೊಂದು ಬಿಳಿ ದುಪ್ಪಟಿ, ಅದನ್ನೂ ನಾಲ್ಕು ದಿನದಿಂದ ಮುದ್ದೆ ಮಾಡಿ ಮೂಲೆಗೆ ಎಸೆದಿದ್ದೀಯ. ಇಲಿ ಅದರೊಳಗೆ ಸಂಸಾರ ಹೂಡಿರ್ಬೇಕು. ಪೊರಕೆ ತಾ, ಬೇಗ. ಜನ ಬರೋ ಹೊತ್ತಾಯ್ತು.”

ಅತ್ತೆಗೆ ಬಟ್ಟೆ ಹೊಲಿಯುವ ಕೆಲಸ. ಗಿರಾಕಿಗಳು ಬಿಟ್ಟುಹೋದ ತುಂಡುಗಳನ್ನೆಲ್ಲ ಸೇರಿಸಿ ಮನೆಮಂದಿಗೆ ಹೊದಿಕೆ ಹೊಲಿದಿದ್ದಳು. ಹಾಗಾಗಿ ಆ ಮನೆಯಲ್ಲಿ ಹೂವಿಲ್ಲದ, ಗೆರೆಯಿಲ್ಲದ, ಗಿಳಿಯಿಲ್ಲದ ದುಪ್ಪಟಿ ಅಂತ ಒಂದಿದ್ದರೆ ಅದು ಇದೇ, ಅಜ್ಜಿ ಕುದುರೆ ಫಾರಮ್ಮಿನ ಹುಲ್ಲಿನ ಮನೆಯಲ್ಲಿ ನೆಲಕ್ಕೆ ಹಾಸುತ್ತಿದ್ದದ್ದು. ಹೆಣದ ಗಾಡಿ ಮೂರು ಗಂಟೆಗೆ ಬರುವುದಿತ್ತು. ಅಷ್ಟರೊಳಗೆ ತನ್ನ ಅತ್ತೆಮ್ಮನ, ಅಂದರೆ ಅಜ್ಜಿಯ, ಮೈಮೇಲೆ ಬಿಳಿ ಬಟ್ಟೆ ಇರಬೇಕು ಅನ್ನುವುದೊಂದೇ ಅವಳ ಹಟ.

ಮೊಮ್ಮಗಳು ಪೊರಕೆ ತರಲಿಲ್ಲ. ಮಂಡಿಯೂರಿ, ಅಜ್ಜಿಯ ಕಾಲ್ಬೆರಳ ಸಂದಿಗೆ ಸಿಕ್ಕಿದ್ದ ಒಂದು ಕಾಳನ್ನು ಎತ್ತಿಕೊಂಡಳು. ಕಪ್ಪಗೆ, ಸಣ್ಣಗೆ, ತುದಿಯಲ್ಲಿ ತುಸು ಬಾಗಿದ್ದು. ಹಿಕ್ಕೆಯಾಗಿದ್ದರೆ ಅದುಮಿದಾಗ ಪುಡಿಯಾಗಬೇಕಿತ್ತು. ಇದು ಆಗಲಿಲ್ಲ. ಉಗುರಿನಿಂದ ಒತ್ತಿದಾಗ ಟಿಕ್ ಎಂದು ಎರಡಾಯಿತು. ಒಳಗೆ ಬೂದು ಬಿಳುಪು.

ಎರಡು ಹೋಳನ್ನೂ ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದಳು.

ಕಾಗೆಯುಗುರು.

*

“ಒಂದು ಹುಲ್ಲುಗಾವಲಿತ್ತಂತೆ. ಹೂಂ ಅನ್ನು.”

“ಹೂಂ.”

“ಅದರ ನಟ್ಟನಡುವೆ ಒಂದು ಕಾಗೆ ಗೂಡು ಕಟ್ಟಿತ್ತಂತೆ. ಅಷ್ಟು ಮರ ಇದ್ರೂ ನೆಲದ ಮೇಲೆ. ಅದಕ್ಕೂ ನಿನ್ನ ಹಾಗೇ ಗ್ಯಾನ ಕಮ್ಮಿ.”

“ಹೂಂ.”

“ಕುದುರೆಗೆ ಮೇವು ಬೇಕಲ್ಲ, ಹುಲ್ಲು ಕೊಯ್ಯೋರು ಬಂದ್ರು. ಕುಡುಗೋಲು ಎಡಕ್ಕೆ ಬೀಸಿದ್ರು, ಬಲಕ್ಕೆ ಬೀಸಿದ್ರು. ಮರಿಗಳು ಹೋದ್ವು. ಕಾಗೆ ಅಳಲಿಲ್ಲ ಕಣೇ. ಅತ್ತಿದ್ರೆ ಎಷ್ಟೋ ಒಳ್ಳೇದಿತ್ತು. ತನ್ನ ಉಗುರು ಒಂದೊಂದಾಗಿ ಕಿತ್ತು ತೆನೆಗೊಂದು ಸಿಕ್ಕಿಸ್ತು. ‘ನನ್ನ ಮರಿ ಹೋದ ಹಾಗೆ ಈ ಹುಲ್ಲು ತಿಂದೋಳ ಮರೀನೂ ಹೋಗ್ಲಿ, ಅವಳ ಕೆಚ್ಚಲ ಹಾಲು ನಾನು ಕುಡೀತೀನಿ’ ಅಂತು. ಹೂಂ ಅನ್ನೇ, ನಿದ್ದೆ ಬಂತಾ?”

ತಾಯಿ ತೀರಿಹೋದ ಮೇಲೆ ಆ ಮಗುವನ್ನು ಅಜ್ಜಿ ಹುಲ್ಲಿನ ಮನೆಯಲ್ಲೇ ಬೆಳೆಸಿದ್ದಳು. ಹುಲ್ಲು ಝಾಡಿಸುತ್ತಾ ಅಜ್ಜಿ ಕತೆ ಹೇಳುವುದು, ಮೆದೆಯ ಮೇಲೆ ಮಲಗಿ ಮಗು ಹೂಂಗುಟ್ಟುವುದು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ಹೀಗಾಗಿ ಕಿವಿ ಎಲ್ಲಿದ್ದರೂ ಬಾಯಿ ಹೂಂ ಅನ್ನುವುದನ್ನು ಕಲಿತುಬಿಟ್ಟಿತು. ಫಾರಮ್ಮಿನಲ್ಲಿ ಅವಳಿಗೆ ‘ಹೂಂಗುಟ್ಟಿ’ ಅಂತಲೇ ಹೆಸರು. ಈಗ ಇಪ್ಪತ್ತೆರಡು ತುಂಬಿದ್ದರೂ ಅದೇ ಹೆಸರು, ಅದೇ ಬಾಯಿ.

ಒಂಬತ್ತು ವರ್ಷದವಳಿದ್ದಾಗ ಒಂದು ಮುಂಜಾನೆ ಅವಳು ಚಹಾದ ಡಬ್ಬಿ ಹಿಡಿದು ಲಾಯಕ್ಕೆ ಹೋಗಿದ್ದಳು. ಕೆಂಚು ಬಣ್ಣದ ಕುದುರೆಗೆ ಹೆರಿಗೆ ನೋವು ಬಂದಿತ್ತು. ದಿನ ತುಂಬಿ ಮೂರು ವಾರ ಕಳೆದಿದ್ದರೂ ಹೆತ್ತಿರಲಿಲ್ಲ ಅದು. ಕೆಚ್ಚಲು ಒಣಗಿದ ಚೀಲದ ಹಾಗೆ ಮೈಗಂಟಿತ್ತು. ಮರಿ ಬರುವಾಗ ಮೊದಲು ಕಾಣುವುದು ನೀಲಿ ಬಿಳುಪಿನ ತೆಳು ಪೊರೆ, ಅದು ತಾನಾಗಿ ಹರಿದು ಮುಂಗಾಲು ಕಾಣುತ್ತದೆ. ಅವತ್ತು ಕಂಡದ್ದು ಕೆಂಪು. ಮಖಮಲ್ಲಿನ ಹಾಗೆ ದಪ್ಪಗೆ, ಹರಿಯದ, ಉಸಿರಿಗೆ ಸಂದು ಕೊಡದ ಕೆಂಪು ಚೀಲ. “ಕಣ್ಣು ಮುಚ್ಕೋ!” ಅಂತ ಅಜ್ಜಿ ಕೂಗಿದಳು. ಹೂಂ ಅಂದಳು, ಮುಚ್ಚಲಿಲ್ಲ. ಅಜ್ಜಿ ಚೀಲಕ್ಕೆ ಉಗುರು ಹಾಕಿ, ಹಲ್ಲು ಕಚ್ಚಿ ಹರಿಯುತ್ತಿದ್ದಳು. ಹರಿಯಿತು. ಒಳಗಿದ್ದ ಮರಿಗೆ ಕಿವಿ, ರೆಪ್ಪೆ, ಗೊರಸು, ಹಣೆಯ ಮೇಲೆ ನಕ್ಷತ್ರ, ಎಲ್ಲ ಇತ್ತು. ಉಸಿರು ಮಾತ್ರ ಇರಲಿಲ್ಲ.

ಆ ಸಲ ನಾಲ್ಕು ಮರಿ ಹೋದವು. ಯಜಮಾನರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಹುಲ್ಲು ನೋಡಿದ್ದು ಯಾರು ಅಂತ ಕೇಳಿದರು. ಸಾಲಿನಿಂದ ಅಜ್ಜಿ ಮುಂದೆ ಬಂದಳು. “ನಾನೇ. ಮೂಸಿ ನೋಡಿದೆ, ಘಮ್ ಅಂತಿತ್ತು. ಮೂಗನ್ನ ನಂಬಿದೆ.” ತೆನೆಯಲ್ಲಿ ಕಪ್ಪು ಕಾಳಾಗಿ ಕೂರುವ ಆ ವಿಷಕ್ಕೆ, ಕಾಗೆಯುಗುರಿಗೆ, ವಾಸನೆ ಇರುವುದಿಲ್ಲ. ಮುಂದಿನ ವಾರ ಹುಲ್ಲಿನ ಮನೆಗೆ ಬಿಳಿ ದುಪ್ಪಟಿ ಬಂತು. ಅಂದಿನಿಂದ ಪ್ರತಿ ಕಟ್ಟನ್ನೂ ಬಿಚ್ಚಿ, ಹಿಡಿ ಹಿಡಿಯಾಗಿ ಅದರ ಮೇಲೆ ಝಾಡಿಸಿ, ತೆನೆಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸಕಿ ನೋಡಿದ ಮೇಲೆಯೇ ಆ ಸಾಲಿನ ಕಂಬಕ್ಕೆ ಒಂದು ಕೆಂಪು ಪಟ್ಟಿ ಕಟ್ಟುವುದು. ಪಟ್ಟಿ ಇಲ್ಲದ ಸಾಲಿನಿಂದ ಗಬ್ಬದ ಕುದುರೆಗಳಿಗೆ ಒಂದು ಎಳೆಯೂ ಹೋಗಕೂಡದು.

“ಕಾಗೆಗೆ ಬಿಳಿ ಕಂಡರೆ ಭಯ” ಎಂದು ಕತೆಗೊಂದು ಬಾಲ ಸೇರಿಸಿದಳು ಅಜ್ಜಿ. “ಬಿಳಿ ಮೇಲೆ ಅದು ಅಡಗಿ ಕೂರಕ್ಕಾಗಲ್ಲ ನೋಡು.”

*

“ಏನೇ ಅದನ್ನೇ ದಿಟ್ಟಿಸ್ತಾ ಕೂತೆ?” ಅತ್ತೆ ತಾನೇ ಪೊರಕೆ ತಂದು ನೆಲವನ್ನು ಗುಡಿಸಿದಳು. ಹತ್ತೋ ಹನ್ನೆರಡೋ ಕಪ್ಪು ಕಾಳುಗಳು ಮೊರಕ್ಕೆ ಹೋದವು. ದುಪ್ಪಟಿಯನ್ನು ಅಜ್ಜಿಯ ಕುತ್ತಿಗೆಯವರೆಗೆ ಎಳೆದು, ಅಂಚು ಸರಿಮಾಡಿ, ಸಮವಾಗಿ ಬಂತೋ ಇಲ್ಲವೋ ಎಂದು ತಲೆ ಓರೆಮಾಡಿ ನೋಡಿದಳು. ಆಮೇಲೆ “ಒಂದು ಸಲಾನೂ ನನ್ನ ಹೊಲಿಗೆ ಚೆನ್ನಾಗಿದೆ ಅನ್ನಲಿಲ್ಲ ಕಣೇ ನಿಮ್ಮಜ್ಜಿ” ಎಂದಳು.

ಮೊಮ್ಮಗಳು ಮುಷ್ಟಿಯಲ್ಲಿ ಆ ಎರಡು ಹೋಳು ಬಿಗಿಹಿಡಿದು ಹೊರಬಾಗಿಲಿಗೆ ಬಂದಳು. ಅಂಗಳದಲ್ಲಿ ಎರವಲು ತಂದ ಕುರ್ಚಿಗಳು. ಮಾವ ಫಾರಮ್ಮಿನ ಕ್ಯಾಂಟೀನಿನ ಅಡುಗೆಯವನು. ತಾಯಿ ಸತ್ತ ದಿನವೂ ಕೈ ಸುಮ್ಮನಿರದೆ ಬಂದವರಿಗೆಲ್ಲ ಚಹಾ ಕೊಡುತ್ತಿದ್ದ. ಗೋಡೆಯ ನೆರಳಿನಲ್ಲಿ ಲಾಯದ ಮೇಸ್ತ್ರಿ ಕೂತಿದ್ದ. ಮೂವತ್ತು ವರ್ಷ ಅಜ್ಜಿಯೊಂದಿಗೆ ಜಗಳವಾಡಿಕೊಂಡೇ ಕೆಲಸ ಮಾಡಿದ ಮನುಷ್ಯ. ನಶ್ಯದ ಡಬ್ಬಿ ತೆಗೆದು, ಏರಿಸದೆ, ಮತ್ತೆ ಜೇಬಿಗಿಟ್ಟುಕೊಂಡ.

“ಮೇಸ್ತ್ರಿ ತಾತ,” ಅಂದಳು. “ಬಲಗಡೆ ಸಾಲಿನ ಹುಲ್ಲು ತೆಗೆದ್ರಾ?”

“ಈಗ ಹುಲ್ಲಿನ ಚಿಂತೆ ಯಾಕಮ್ಮ ನಿಂಗೆ?”

“ತೆಗೆದ್ರಾ?”

“ಅದನ್ನೇ ತೆಗೆದಿದ್ದು. ನಿಮ್ಮಜ್ಜಿ ಬಿದ್ದಳಲ್ಲ, ಅವತ್ತು ಸಂಜೆಯಿಂದಾನೇ. ಎಡಗಡೆ ಸಾಲಿನ ಮುಂದೆ ಮುರಿದ ಗಾಡಿ ನಿಲ್ಲಿಸಿಬಿಟ್ಟಿದಾರೆ. ಬಲಗಡೆ ಕಂಬಕ್ಕೆ ಪಟ್ಟಿ ಕಟ್ಟಿತ್ತು, ಸರಿ ಅಂತ ಅದನ್ನೇ ಹಾಕಿದ್ವಿ. ಹನ್ನೊಂದು ಗಬ್ಬದ ಕುದುರೇನೂ ಅದನ್ನೇ ತಿಂತಿರೋದು.” ಮೇಸ್ತ್ರಿ ಮೂಗು ಒರೆಸಿಕೊಂಡ. “ಸಾಯೋ ಗಳಿಗೇಲೂ ಕೆಲಸ ಮುಗಿಸಿ ಪಟ್ಟಿ ಕಟ್ಟಿ ಹೋದಳು ನೋಡು. ಅಂಥವಳು ಇನ್ನು ಹುಟ್ಟಿ ಬರಬೇಕು.”

ನಾಲ್ಕು ದಿನ. ದಿನಕ್ಕೆ ಮೂರು ಹೊತ್ತು. ಹನ್ನೊಂದು ಹೊಟ್ಟೆ.

ಆ ಪಟ್ಟಿ ಕಟ್ಟಿದ್ದು ಅಜ್ಜಿಯಲ್ಲ.

*

ಅಜ್ಜಿ ಬಿದ್ದ ದಿನ ಬಂದ ಹುಲ್ಲು ಹೊಸ ಗದ್ದೆಯದು. ಹಳೆಯ ಕಡೆ ಮುಗಿದಿತ್ತು. ಲಾರಿಯವನು ನಲವತ್ತು ಕಟ್ಟು ಇಳಿಸಿ, ಎಡಕ್ಕಿಪ್ಪತ್ತು ಬಲಕ್ಕಿಪ್ಪತ್ತು ಜೋಡಿಸಿ ಹೋದ. “ನಂಗೆ ತೋಳು ಸೋಲ್ತಿದೆ ಕಣೇ, ಎಡಗಡೆ ನಾನು ನೋಡ್ತೀನಿ, ಬಲಗಡೆ ನಿಂದು” ಅಂದಿದ್ದಳು ಅಜ್ಜಿ. ಹಿಂದೆಂದೂ ಅವಳು ಹಾಗೆ ಹೇಳಿದವಳಲ್ಲ.

ದುಪ್ಪಟಿ ಅಜ್ಜಿಯ ಕಡೆ ಇತ್ತು, ಮೊದಲ ನಾಲ್ಕು ಕಟ್ಟುಗಳನ್ನು ಮೊಮ್ಮಗಳು ಮೊರದ ಮೇಲೆ ಚೆನ್ನಾಗಿಯೇ ಝಾಡಿಸಿದಳು. ಬಿದ್ದದ್ದು ಧೂಳು, ಒಂದು ಮಿಡತೆಯ ರೆಕ್ಕೆ. ಐದನೆಯದಕ್ಕೆ ಕೈ ಹಾಕುವಾಗ ಹೆಂಚಿನ ಸಂದಿಯಿಂದ ಬಿಸಿಲುಕೋಲೊಂದು ಇಳಿದು, ಅದರೊಳಗೆ ಹುಲ್ಲಿನ ಪುಡಿ ಚಿನ್ನದ ಹಾಗೆ ತೇಲತೊಡಗಿತು. ಅಷ್ಟೇ, ಅವಳು ಕಟ್ಟಿನ ಮೇಲೆ ಕೂತುಬಿಟ್ಟಳು. ಆ ಬಿಸಿಲುಕೋಲನ್ನು ಹಿಡಿದು ಏರಿದರೆ ಯಾವ ಊರು ಸಿಗಬಹುದು, ಅಲ್ಲಿನ ಕುದುರೆಗಳು ಏನು ತಿನ್ನಬಹುದು, ಅಲ್ಲಿ ಹುಲ್ಲು ನೋಡುವ ಅಜ್ಜಿ ಯಾರಿರಬಹುದು...

“ಆಯ್ತೇನೇ?” ಆ ತುದಿಯಿಂದ ಅಜ್ಜಿಯ ಕೂಗು.

“ಹೂಂ.”

“ಇಪ್ಪತ್ತೂ?”

“ಹೂಂ.”

ಹೂಂ ಅಂದ ಮೇಲೆಯೇ ತಾನು ಹೂಂ ಅಂದದ್ದು ಅವಳಿಗೆ ಗೊತ್ತಾದದ್ದು. ಇಷ್ಟು ವರ್ಷದಲ್ಲಿ ಒಂದು ಕಟ್ಟಿನಲ್ಲೂ ಏನೂ ಸಿಕ್ಕಿಲ್ಲ, ಇವತ್ತೇ ಸಿಗುತ್ತದಾ, ಅಂದುಕೊಂಡು ಎದ್ದು ಕಂಬಕ್ಕೆ ಕೆಂಪು ಪಟ್ಟಿ ಕಟ್ಟಿ, ಕೈಕಾಲು ತೊಳೆಯಲು ನಲ್ಲಿಗೆ ಹೋದಳು. ಅಜ್ಜಿಗೆ ಮೊಮ್ಮಗಳ ಹೂಂ ಎಂಥದೆಂದು ಗೊತ್ತಿತ್ತು. ಅವಳು ಬಲಗಡೆಯ ಸಾಲಿಗೆ ಬಂದು, ತಳದ ಕಟ್ಟೊಂದನ್ನು ಎಳೆದು, ತನ್ನ ದುಪ್ಪಟಿಯ ಮೇಲೆ ಝಾಡಿಸಿರಬೇಕು. ಝಾಡಿಸಿ, ಬಗ್ಗಿ ನೋಡಿರಬೇಕು.

ನಲ್ಲಿಯಿಂದ ವಾಪಸು ಬಂದಾಗ ಅಜ್ಜಿ ಪಕ್ಕಕ್ಕೆ ವಾಲಿ ಬಿದ್ದಿದ್ದಳು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಮೊಮ್ಮಗಳು ಚೀರಿದಳು, ಯಾರು ಯಾರೋ ಓಡಿಬಂದರು, ದುಪ್ಪಟಿಯನ್ನು ಇದ್ದ ಹಾಗೇ ಮುದ್ದೆಗಟ್ಟಿ ಗಂಟು ಹಾಕಿ ಅಜ್ಜಿಯ ತಲೆಗೆ ಕೊಟ್ಟು, ಎತ್ತಿಕೊಂಡು ಮನೆಗೆ ಬಂದರು. ಅದರ ಮೇಲೆ ಏನಿತ್ತೆಂದು ಯಾರೂ ನೋಡಲಿಲ್ಲ.

ಆಮೇಲೆ, ಸಾಯುವವರೆಗೂ, ಅಜ್ಜಿಗೆ ಮಾತು ಬರಲಿಲ್ಲ. ಎಡಗೈ ಸತ್ತಿತ್ತು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ಒಂದನ್ನೊಂದು ಉಜ್ಜುತ್ತಿದ್ದವು, ಬಿಡದೆ, ಹಗಲೆಲ್ಲ.

“ಉಪ್ಪು ಕೇಳ್ತಿದಾಳೆ,” ಅಂದಿದ್ದ ಅಡುಗೆಯ ಮಾವ. “ಗಂಜಿಗೆ ಉಪ್ಪು ಸಾಲದು ಅಂತ.”

“ಉಪ್ಪೂ ಇಲ್ಲ ಹುಳೀನೂ ಇಲ್ಲ. ಸೂಜಿಗೆ ದಾರ ಪೋಣಿಸ್ತಿದಾರೆ, ನೋಡಿ ಬೆರಳು. ನಂಗೇನೋ ಹೊಲಿಯೋಕೆ ಹೇಳ್ತಿದಾರೆ,” ಅಂದಿದ್ದಳು ಅತ್ತೆ.

ನೋಡಲು ಬಂದಿದ್ದ ಮೇಸ್ತ್ರಿ ನಕ್ಕು, “ಮೂವತ್ತು ವರ್ಷ ನನ್ನ ನಶ್ಯಕ್ಕೆ ಬೈದಳು, ಈಗ ಒಂದು ಚಿಟಿಕೆ ಬೇಕಂತೆ ಮುದುಕಿಗೆ!” ಎಂದು ಡಬ್ಬಿ ತೆಗೆದಿದ್ದ.

ಹುಲ್ಲಿನ ಕೆಲಸ ಗೊತ್ತಿದ್ದವಳು ಆ ಮನೆಯಲ್ಲಿ ಒಬ್ಬಳೇ ಇದ್ದಳು. ಅವಳು ಅಜ್ಜಿಯ ತಲೆ ಸವರುತ್ತಾ, ಕತೆಗೆ ಕರೆಯುತ್ತಿದ್ದಾಳೆ ಎಂದುಕೊಂಡು, ಹೂಂ ಅಜ್ಜಿ, ಹೂಂ, ಅನ್ನುತ್ತಾ ಕೂತಿದ್ದಳು. ಅಜ್ಜಿಯ ಕಣ್ಣುಗಳು ಅವಳನ್ನೇ ನೆಟ್ಟು ನೋಡುತ್ತಿದ್ದವು. ಎಷ್ಟು ಗಾಬರಿ ಇತ್ತು ಆ ಕಣ್ಣುಗಳಲ್ಲಿ! ಸಾವಿನ ಭಯ ಅಂದುಕೊಂಡಿದ್ದಳು.

*

ಡಾಕ್ಟರಮ್ಮನ ಜೀಪು ಬಂದಾಗ ಎರಡು ಗಂಟೆ. ಕುದುರೆಗಳ ಡಾಕ್ಟರು ಆಕೆ. ಮಂಡಿಯವರೆಗಿನ ಬೂಟಿನಲ್ಲೇ ಬಂದು, ಹೊಸ್ತಿಲ ಹೊರಗೆ ಅದನ್ನು ಕಳಚಿ, ಕಾಲುಚೀಲದಲ್ಲಿ ಒಳಗೆ ಹೋಗಿ ಅಜ್ಜಿಯ ಹತ್ತಿರ ಒಂದು ನಿಮಿಷ ನಿಂತರು. ಹೊರಗೆ ಬಂದು ಮೇಸ್ತ್ರಿಯ ಪಕ್ಕದ ಕುರ್ಚಿಯಲ್ಲಿ ಕೂತರು.

ಮೊಮ್ಮಗಳು ಬಾಗಿಲಲ್ಲೇ ನಿಂತಿದ್ದಳು. ತಲೆಯೊಳಗೆ ಒಂದು ಸಣ್ಣ ಧ್ವನಿ ಲೆಕ್ಕ ಹಾಕುತ್ತಿತ್ತು. ಯಾರಿಗೂ ಹೇಳಬೇಕಾಗಿಲ್ಲ. ತಲೆನೋವು ಅಂತ ಎದ್ದುಹೋಗಿ, ಗೋದಲಿಗಳಿಂದ ಹುಲ್ಲು ಬಾಚಿ ತಿಪ್ಪೆಗೆ ಹಾಕಿ, ಪಟ್ಟಿ ಬಿಚ್ಚಿಬಿಟ್ಟರೆ ಆಯಿತು. ನಾಳೆಯಿಂದ ಅಜ್ಜಿಯ ಕೆಲಸ ತನಗೇ ಎಂದು ಯಜಮಾನರು ಆಗಲೇ ಹೇಳಿ ಕಳಿಸಿದ್ದರು. ಬೇರೆ ಕೆಲಸ ತನಗೆ ಬರುವುದಿಲ್ಲ. ಬೇರೆ ಜಾಗ ತಾನು ಕಂಡಿಲ್ಲ. ಈ ಹುಲ್ಲಿನ ಮನೆ ಹೋದರೆ ತಾನು ಗಾಳಿಗೆ ಹಾರಿಹೋಗುತ್ತೇನೆ.

“ಬೂದಿ ಹೇಗಿದಾಳೆ?” ಡಾಕ್ಟರಮ್ಮ ಕೇಳುತ್ತಿದ್ದರು. ಬೂದಿ ಅಂದರೆ ಬೂದು ಬಣ್ಣದ ಹಿರಿಯ ಕುದುರೆ, ಇದೇ ವಾರ ದಿನ ತುಂಬುವವಳು. ಅಜ್ಜಿಯೊಬ್ಬಳನ್ನು ಬಿಟ್ಟು ಮುಟ್ಟಿದವರನ್ನೆಲ್ಲ ಕಚ್ಚುತ್ತಿದ್ದಳು.

“ಅದನ್ನೇ ಹೇಳೋಣ ಅಂತಿದ್ದೆ. ಹೋದ ವಾರ ಕೆಚ್ಚಲು ಹೀಗೆ ತುಂಬ್ತಾ ಬಂದಿತ್ತು. ಮೊನ್ನೆಯಿಂದ ಬಾಡ್ತಿದೆ. ಅಜ್ಜಿ ಕಾಣದೆ ಕೊರಗ್ತಿದೆಯೇನೋ ಅಂದ್ಕೊಂಡೆ.”

ಡಾಕ್ಟರಮ್ಮನ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು. “ಬಾಡ್ತಿದೆಯಾ? ದಿನ ತುಂಬೋ ಹೊತ್ತಿಗೆ? ಏನು ಹಾಕ್ತಿದೀರಿ ಅದಕ್ಕೆ?”

“ಹೊಸ ಹುಲ್ಲು.”

“ಯಾರು ನೋಡಿದ್ದು?”

“ಹುಲ್ಲಜ್ಜಿನೇ. ಪಟ್ಟಿ ಕಟ್ಟಿದೆ.” ಮೇಸ್ತ್ರಿ ಸತ್ತವಳ ಕಿವಿಗೆ ಬೀಳಬಾರದೆಂಬಂತೆ ಧ್ವನಿ ತಗ್ಗಿಸಿ, “ಆದರೆ ವಯಸ್ಸಾಗಿತ್ತಲ್ಲಮ್ಮ. ಕಣ್ಣಿಗೆ ಮಂಜು. ಅವತ್ತು ಮೈಗೂ ಹುಷಾರಿರಲಿಲ್ಲ. ಏನಾದರೂ ತಪ್ಪಿದ್ದರೆ... ಹೋದವಳನ್ನ ಏನಂತ ಕೇಳೋದು? ಅವಳ ಜೊತೆಗೇ ಹೋಯ್ತು ಅಂದ್ಕೊಳ್ಳೋದು” ಅಂದ.

ಬಾಗಿಲಲ್ಲಿ ನಿಂತವಳಿಗೆ ಅದು ಕೇಳಿಸಿತು. ಎಷ್ಟು ಸಲೀಸಾದ ದಾರಿ! ಸತ್ತವರ ಕೆಲಸ ಯಾರೂ ಕಿತ್ತುಕೊಳ್ಳುವುದಿಲ್ಲ. ಸತ್ತವರಿಗೆ ಯಾರೂ ಬಯ್ಯುವುದಿಲ್ಲ. ಒಂದು ಮಾತೂ ಆಡದೆ, ಬರೀ ಸುಮ್ಮನೆ ನಿಂತರೆ ಸಾಕಿತ್ತು.

“ಹೂಂಗುಟ್ಟಿ, ಬಾ ಇಲ್ಲಿ,” ಮೇಸ್ತ್ರಿ ಅವಳನ್ನು ಕಂಡು ಕರೆದ. “ಅವತ್ತು ನೀನೂ ಜೊತೇಲಿದ್ದೆ. ನಿಮ್ಮಜ್ಜಿ ಬಲಗಡೆ ಇಪ್ಪತ್ತೂ ಕಟ್ಟು ಝಾಡಿಸಿದಳಲ್ಲ?”

ಬಾಯಿ ತಾನಾಗಿ ತೆರೆಯಿತು. ಚಿಕ್ಕಂದಿನ ರೂಢಿ, ಹೂಂ ಎನ್ನಲು ತುಟಿ ಕೂಡಿಕೊಂಡೂ ಆಗಿತ್ತು. ಅವಳು ಅಂಗೈ ಬಿಗಿದಳು. ಕಾಳಿನ ಹೋಳುಗಳು ಚರ್ಮಕ್ಕೆ ಒತ್ತಿದವು.

“ಇಲ್ಲ,” ಅಂದಳು.

“ಏನಿಲ್ಲ?”

“ಅಜ್ಜಿ ಅಲ್ಲ. ಬಲಗಡೆ ಸಾಲು ನಂದು. ನಾಲ್ಕೇ ಕಟ್ಟು ನೋಡಿದ್ದು. ಪಟ್ಟಿ ಕಟ್ಟಿದ್ದೂ ನಾನೇ.” ಮುಷ್ಟಿ ಬಿಚ್ಚಿ ಚಾಚಿದಳು. “ಅಜ್ಜಿ ಆಮೇಲೆ ನೋಡಿದಳು. ಇದು ಅವಳ ದುಪ್ಪಟೀಲಿತ್ತು.”

ಮಾವ ಚಹಾದ ತಟ್ಟೆ ಹಿಡಿದವನು ಹಾಗೇ ನಿಂತ. ಡಾಕ್ಟರಮ್ಮ ಹೋಳನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಮುಖ ನೋಡಿದರೆ ಸಾಕಿತ್ತು.

“ಬೂಷ್ಟು,” ಅಂದರು. “ತೆನೆ ಒಳಗೇ ಬೆಳೆಯೋ ಜಾತಿ. ಎಷ್ಟು ದಿನ ಆಯ್ತು ಹಾಕಿ?”

“ನಾಲ್ಕು,” ಅಂದ ಮೇಸ್ತ್ರಿ. ಅವನು ಎದ್ದ ರಭಸಕ್ಕೆ ಕುರ್ಚಿ ಮಗುಚಿತು. “ನಾಲ್ಕು ದಿನ ನನ್ನ ಕೈಯಾರೆ ಹಾಕಿದೀನಲ್ಲೇ! ಹನ್ನೊಂದು ತಿಂಗಳು ಹೊರೋ ಜೀವಗಳು. ಹೂಂ ಅಂದ್ಯಾ? ಹೂಂ ಅಂದು ಪಟ್ಟಿ ಕಟ್ಟಿದ್ಯಾ? ಹೇಳಬಾರದಾ, ಆಗಲಿಲ್ಲ ಅಂತ ಒಂದು ಮಾತು?”

ಅವಳು ತಲೆ ತಗ್ಗಿಸಲಿಲ್ಲ.

“ಬಯ್ಯೋದು ಆಮೇಲೆ,” ಡಾಕ್ಟರಮ್ಮ ಬೂಟಿಗೆ ಕಾಲು ತೂರಿಸುತ್ತಿದ್ದರು. “ಗೋದಲಿ ಅಷ್ಟೂ ಖಾಲಿ ಆಗಬೇಕು. ನೆಲದ ಮೇಲೆ ಚೆಲ್ಲಿರೋದೂ ಸೇರಿ. ಇನ್ನೂ ಎರಡು ತಿಂಗಳು ಇರೋವಕ್ಕೆ ಈಗಲೇ ಬಿಡಿಸಿದರೆ ಭಯ ಕಮ್ಮಿ. ನನಗೆ ಭಯ ಬೂದಿದು. ಹಾಲಿಳಿಸೋ ಮದ್ದು ತರಿಸ್ತೀನಿ, ಸಂಜೆ ಆಗುತ್ತೆ ಬರೋಕೆ. ಎಡಗಡೆ ಸಾಲೂ ಅದೇ ಗದ್ದೇದು, ಅದನ್ನೂ ನಂಬೋಕಾಗಲ್ಲ. ಇನ್ನೊಂದು ಸಲ ಎಲ್ಲಾ ಬಿಚ್ಚಿ ಝಾಡಿಸಬೇಕು. ಯಾರಿಗೆ ಬರುತ್ತೆ ಆ ಕೆಲಸ?”

ಎಲ್ಲರಿಗೂ ಗೊತ್ತಿತ್ತು. ಬರುತ್ತಿದ್ದವರು ಇಬ್ಬರು, ಒಬ್ಬಳು ಒಳಗೆ ಮಲಗಿದ್ದಳು.

ಮೊಮ್ಮಗಳು ಒಳಕ್ಕೆ ಹೋದಳು. ಅಜ್ಜಿಯ ತಲೆಯ ಬಳಿ ಕೂತಿದ್ದ ಅತ್ತೆಯ ಮುಂದೆ ನಿಂತಳು.

“ಅತ್ತೆ, ದುಪ್ಪಟಿ ಬೇಕು.”

“ಯಾವ ದುಪ್ಪಟಿ?” ಅಂದವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. “ಇದಾ? ಮೈಮೇಲಿರೋದನ್ನ ಎಳ್ಕೋತೀಯಾ? ಗಾಡಿ ಬರೋ ಹೊತ್ತಿಗೆ? ಏನೇ ಹುಡುಗಿ, ತಲೆ ನೆಟ್ಟಗಿದೆಯಾ? ಬೇರೆ ಯಾವುದಾದ್ರೂ ತಗೊಂಡು ಹೋಗು.”

“ಹೂವಿನದರ ಮೇಲೆ ಕಪ್ಪು ಕಾಣಲ್ಲ ಅತ್ತೆ.”

“ಹೂವಿನ ದುಪ್ಪಟೀಲಿ ಅತ್ತೆಮ್ಮನ್ನ ಕಳಿಸ್ಲಾ ಹಾಗಾದ್ರೆ? ನೋಡಿದವರು ಏನಂತಾರೆ?”

ಬಾಗಿಲಲ್ಲಿ ಮಾವ ನಿಂತಿದ್ದ. ಅವನ ಕಣ್ಣು ಅಜ್ಜಿಯ ಬಲಗೈ ಮೇಲಿತ್ತು. ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಒತ್ತಿಕೊಂಡೇ ಬಿಗಿದುಹೋಗಿದ್ದವು. ಬೆಳಿಗ್ಗೆ ಬಿಡಿಸಲು ನೋಡಿ ಆಗದೆ ಬಿಟ್ಟಿದ್ದರು.

“ಉಪ್ಪು ಹಾಕಿದೆ ನಾನು,” ಅಂದ ಅವನು. “ಗಂಜಿಗೆ ಉಪ್ಪು ಹಾಕ್ತಾನೇ ಹೋದೆ. ಬಾಯಿ ತಿರುಗಿಸ್ಕೊಂಡಳು.” ಆಮೇಲೆ ಹೆಂಡತಿಯ ಕಡೆ ನೋಡದೆ, “ಕೊಟ್ಬಿಡೇ” ಅಂದ.

ಅತ್ತೆ ಎದ್ದಳು. ಬೀರುವಿನಿಂದ ಅವಳದೇ ಹೊಲಿಗೆಯ ಹೊದಿಕೆ ತೆಗೆದಳು, ಹಳದಿ ಕೆಂಪು ಹೂಗಳದು. ‘ಇಷ್ಟು ಹೂವಿದ್ದರೆ ನಿದ್ದೆ ಎಲ್ಲಿ ಬರುತ್ತೆ, ಜೇನುಹುಳ ಬರುತ್ತೆ’ ಎಂದು ಅಜ್ಜಿ ಗೇಲಿ ಮಾಡಿ ಮಡಿಸಿ ಇಟ್ಟದ್ದು. ಬಿಳಿಯದನ್ನು ಮೆಲ್ಲಗೆ ಎಳೆದು ಮೊಮ್ಮಗಳ ಕೈಗೆ ತುರುಕಿದಳು. ಹೂವಿನದನ್ನು ಹೊದೆಸುತ್ತಾ, “ಈಗ ಬೈರಿ ನೋಡೋಣ” ಎಂದು ಅಜ್ಜಿಗೆ ಹೇಳಿ, ಅಳತೊಡಗಿದಳು.

*

ಗೋದಲಿಗಳಿಂದ ಹುಲ್ಲು ಬಾಚುವ ಸದ್ದು, ಗೊರಸು ಬಡಿಯುವ ಸದ್ದು, ಮೇಸ್ತ್ರಿಯ ಬೈಗುಳ. ಅವನು ಹುಲ್ಲಿಗೆ ಬೈದ, ಲಾರಿಯವನಿಗೆ ಬೈದ, ತನ್ನ ಕೈಗೆ ಬೈದ. ಅವಳಿಗೆ ಮಾತ್ರ ಏನೂ ಹೇಳಲಿಲ್ಲ. ಅದೇ ಅವಳಿಗೆ ಹೆಚ್ಚು ನೋವಾಯಿತು.

ಅವಳು ದುಪ್ಪಟಿ ಹಾಸಿ, ಬಲಗಡೆಯ ಕಂಬದಿಂದ ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಎಡಗಡೆಯದನ್ನೂ ಬಿಚ್ಚಿದಳು. ಮುರಿದ ಗಾಡಿಯ ಸಂದಿಯಿಂದ ಎಳೆದದ್ದು ಎಡಗಡೆಯ ಮೊದಲ ಕಟ್ಟು. ಹಿಡಿ ಎತ್ತು, ಝಾಡಿಸು, ತೆನೆ ಹೊಸಕು, ಬಗ್ಗಿ ನೋಡು. ಧೂಳು. ಎರಡನೆಯದು. ಧೂಳು, ಒಂದು ಒಣಗಿದ ಜೀರುಂಡೆ. ಅದರ ಕಪ್ಪು ಕಂಡು ಉಗುರಿನಿಂದ ಒತ್ತಿ ನೋಡಿದಳು. ಬಿಸಿಲುಕೋಲು ಇವತ್ತೂ ಇಳಿದಿತ್ತು. ಅದರತ್ತ ಅವಳು ನೋಡಲಿಲ್ಲ. ಏಳನೆಯ ಕಟ್ಟಿನ ಹೊತ್ತಿಗೆ ಹೆಬ್ಬೆರಳ ಚರ್ಮ ಸುಲಿದಿತ್ತು. ನಲವತ್ತು ಮುಗಿಸಿ, ಮುಂದಿನ ಲಾರಿ ಬಂದಾಗ ಇನ್ನೊಂದು ನಲವತ್ತು, ಹೀಗೆ ಹದಿಮೂರು ವರ್ಷ ಅಜ್ಜಿ ಯಾವ ಬೆರಳಲ್ಲಿ ಇದನ್ನು ಮಾಡಿದಳೋ. ಕತೆ ಹೇಳಿಕೊಂಡು ಬೇರೆ.

ಬೇಲಿಯಾಚೆ ಗಾಡಿಯ ಸದ್ದಾಯಿತು.

ಅವಳು ಎದ್ದು ಕಿಟಕಿಗೆ ಬಂದಳು. ಹೆಣದ ಗಾಡಿ ನಿಧಾನವಾಗಿ ಲಾಯದ ರಸ್ತೆಯಲ್ಲಿ ಹಾದುಹೋಗುತ್ತಿತ್ತು. ಗಾಜಿನ ಆಚೆ ಹಳದಿ ಕೆಂಪು ಹೂಗಳು. ಪಕ್ಕದಲ್ಲಿ ಮಾವನ ತಲೆ, ಅತ್ತೆಯ ತಲೆ. ಲಾಯದೊಳಗೆ ಒಂದು ಕುದುರೆ ಕೆನೆಯಿತು, ಇನ್ನೊಂದು ಉತ್ತರ ಕೊಟ್ಟಿತು. ಮೇಸ್ತ್ರಿ ಹುಲ್ಲಿನ ಹೊರೆ ಹೊತ್ತವನು ಅದನ್ನು ಕೆಳಗಿಟ್ಟು ನಿಂತ. ತಿರುವಿನಲ್ಲಿ ಗಾಡಿ ಮರೆಯಾಯಿತು. ಯಾರೋ ಕೇಳಿದಂತೆ, ಯಾರಿಗೋ ಉತ್ತರವೆಂಬಂತೆ, ಅವಳ ಬಾಯಿಂದ ಮೆಲ್ಲಗೆ “ಹೂಂ” ಹೊರಟಿತು.

“ಬಾ ಇಲ್ಲಿ,” ಡಾಕ್ಟರಮ್ಮನ ಧ್ವನಿ ಬೂದಿಯ ಕೋಣೆಯಿಂದ ಬಂತು. “ನನ್ನನ್ನ ಹತ್ತಿರ ಸೇರಿಸ್ತಿಲ್ಲ. ನೀನು ನೋಡು.”

ಬೂದಿ ಗೋಡೆಗೆ ಮೈ ಆನಿಸಿ, ಕಿವಿ ಹಿಂದಕ್ಕೆ ಮಡಚಿ ನಿಂತಿದ್ದಳು. ಹೊಟ್ಟೆ ಇಳಿಬಿದ್ದಿತ್ತು. ಮೊಮ್ಮಗಳು ದುಪ್ಪಟಿ ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೋಗಿ ಎದುರು ನಿಂತಳು. ಹಲ್ಲು ಕಂಡಿತು. ಆಮೇಲೆ ಬೂದಿ ಮೂಗು ಚಾಚಿ ಅವಳ ತೋಳನ್ನು ಮೂಸಿದಳು, ಹೆಗಲ ಮೇಲಿದ್ದ ಬಿಳಿ ದುಪ್ಪಟಿಯನ್ನು ಮೂಸಿದಳು. ಬಹಳ ಹೊತ್ತು ಮೂಸಿದಳು. ಕಿವಿ ನಿಧಾನವಾಗಿ ನೆಟ್ಟಗಾಯಿತು.

“ಒಣಗಿದ್ದರೆ ಹೇಳು. ಮುಚ್ಚಿಡಬೇಡ,” ಹೊರಗಿನಿಂದ ಡಾಕ್ಟರಮ್ಮ ಅಂದರು.

ಅಜ್ಜಿ ಹೇಳಿಕೊಟ್ಟದ್ದು ನೆನಪಿತ್ತು: ನೀರಾಗಿದ್ದರೆ ಇನ್ನೂ ದಿನ ಇದೆ. ಏನೂ ಬರದಿದ್ದರೆ ಕಾಗೆ ಕುಡಿದಿದೆ. ಗಿಣ್ಣುಹಾಲು ಕಟ್ಟಿದ್ದರೆ ಬೆರಳಿಗೆ ಬೆರಳು ಅಂಟುತ್ತದೆ, ಎಳೆ ಏಳುತ್ತದೆ.

ಅವಳು ಮಂಡಿಯೂರಿ ಕೈ ಚಾಚಿದಳು. ಕೆಚ್ಚಲು ಬೆಚ್ಚಗಿತ್ತು, ಆದರೆ ಸಡಿಲ. ಒಂದು ತೊಟ್ಟು ಹಿಂಡಿದಳು. ಏನೂ ಇಲ್ಲ. ಬೂದಿ ಹಿಂಗಾಲು ಕದಲಿಸಿದಳು. ಇನ್ನೊಮ್ಮೆ ಹಿಂಡಿದಳು. ಇಲ್ಲ. ಅವಳ ಕಣ್ಣ ಮುಂದೆ ಕೆಂಪು ಮಖಮಲ್ಲಿನ ಚೀಲ ಬಂತು, ಹಣೆಯ ಮೇಲಿನ ನಕ್ಷತ್ರ ಬಂತು. ಎರಡನೆಯ ತೊಟ್ಟಿಗೆ ಕೈ ಸರಿಸಿ, ಮೇಲಿನಿಂದ ಕೆಳಕ್ಕೆ, ಅಜ್ಜಿ ಮಾಡುತ್ತಿದ್ದಂತೆ, ಮೆಲ್ಲಗೆ ಇಳಿಸಿದಳು.

ಬೆರಳಿಗೆ ಏನೋ ತಾಕಿತು. ಸುಲಿದ ಹೆಬ್ಬೆರಳ ರಕ್ತವೋ, ಬೆವರೋ, ಗೊತ್ತಾಗಲಿಲ್ಲ.

ಕೈ ಹೊರಗೆ ತಂದು, ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದಕ್ಕೊಂದು ಉಜ್ಜಿದಳು. ಮತ್ತೆ ಉಜ್ಜಿದಳು. ಬಿಡಿಸಲು ಧೈರ್ಯ ಬರಲಿಲ್ಲ.

“ಏನಾಯ್ತು?” ಡಾಕ್ಟರಮ್ಮ ಕೇಳಿದರು. “ಏನಾಯ್ತೇ?” ಮೇಸ್ತ್ರಿಯೂ ಕೇಳಿದ.

ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕೈಯನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದು, ಬೆರಳುಗಳನ್ನು ಸ್ವಲ್ಪ ಸ್ವಲ್ಪವೇ ಅಗಲಿಸಿದಳು. ನಡುವೆ ಒಂದು ಎಳೆ ಎದ್ದಿತು, ಜೇಡನ ದಾರದಷ್ಟು ಸಣ್ಣದು, ತುಸು ಹಳದಿ. ಉಸಿರು ತಾಕಿದರೂ ಕಡಿಯುವ ಹಾಗೆ ಅದು ನಡುಗುತ್ತಿತ್ತು. ಅವಳು ಉಸಿರು ಬಿಗಿಹಿಡಿದಳು.